ಮೂರು ಕೊಡೆ ಅಗಲದ ಪಡಸಾಲೆ

ಗುಬ್ಬಿ

ಪರದೇಶಕ್ಕೆ ಹೋಗುವವರು ಸಮುದ್ರವನ್ನೋ ಹಿಮವನ್ನೋ ನೋಡಲು ಹೋಗುತ್ತಾರೆ. ನಾನು ಮತ್ತು ಶಾಹಿದಾ ಶ್ರೀಲಂಕಾಕ್ಕೆ ಹೋದದ್ದು ಒಂದು ಕಟ್ಟಡದ ಮೇಲೆ ಶೀಟು ಹಾಕಿದ್ದಾರೋ ಇಲ್ಲವೋ ಎಂದು ನೋಡಿ ಬರಲು. ಕೊಲಂಬೊ ವಿಮಾನ ನಿಲ್ದಾಣದಲ್ಲಿ ಬಂದ ಕಾರಣ ಕೇಳಿದ ಅಧಿಕಾರಿಗೆ ನಾನು ಇದನ್ನೇ ವಿವರಿಸಲು ಬಾಯಿ ತೆರೆದಿದ್ದೆ. ಶಾಹಿದಾ ನನ್ನ ಕಾಲು ತುಳಿದು "ಟೂರಿಸಂ" ಎಂದಳು.

ನಾವಿಬ್ಬರೂ ಗುಬ್ಬಿಯ ಹೈಸ್ಕೂಲಿನಲ್ಲಿ ಜೊತೆಯಲ್ಲೇ ಪಾಠ ಮಾಡಿ ನಿವೃತ್ತರಾದವರು. ನಾನು ಕನ್ನಡ, ಅವಳು ವಿಜ್ಞಾನ. ಅವಳ ಮನೆ ತುಮಕೂರಿನಲ್ಲಿ, ನನ್ನದು ಗುಬ್ಬಿಯಲ್ಲೇ. ಗುಬ್ಬಿಗೊಂದು ವಾಚನಾಲಯ ಕಟ್ಟಿಸಬೇಕೆಂದು ಊರಿನವರು ಮಾಡಿಕೊಂಡ ಕಮಿಟಿಯಲ್ಲಿ ಇಬ್ಬರೂ ಇದ್ದೇವೆ. ಅದಕ್ಕೆ ನಕ್ಷೆ ಹಾಕಿಕೊಟ್ಟವರು ಅಮೃತೂರಿನ ರಂಗಸ್ವಾಮಯ್ಯ.

ತುಮಕೂರು, ಗುಬ್ಬಿ, ಕುಣಿಗಲ್ಲಿನ ಆಚೆ ಈ ಹೆಸರು ಹೆಚ್ಚು ಜನಕ್ಕೆ ಗೊತ್ತಿಲ್ಲ. ಈಚೆಗೆ ಬಂದರೆ, ಹೆಸರು ಗೊತ್ತಿಲ್ಲದವರೂ ಅವರ ಕೆಲಸದ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಾರೆ. ಕೂರುವಷ್ಟು ಅಗಲದ, ಕೂರುವಷ್ಟೇ ಎತ್ತರದ ಕಿಟಕಿಯ ಕಟ್ಟೆ ನಮ್ಮ ಕಡೆಯ ಮನೆಗಳಿಗೆ ಬಂದದ್ದು ಅವರಿಂದ. ಈಗ ಗಾರೆಯವರು ಯಾರನ್ನೂ ಕೇಳದೆ ಅದನ್ನು ಕಟ್ಟಿಬಿಡುತ್ತಾರೆ, ಅದು ಒಬ್ಬರ ಯೋಚನೆ ಎಂಬುದೇ ಮರೆತುಹೋಗಿದೆ. ಬೇಲಿಗೆ ನೆಡುತ್ತಿದ್ದ ಕಲ್ಲುಚಪ್ಪಡಿಯನ್ನು ತಂದು ಶಾಲೆಯ ಗೋಡೆಗೆ ನಿಲ್ಲಿಸಿದವರೂ ಅವರೇ. ಆಗ ನಕ್ಕವರೆಲ್ಲ ಆಮೇಲೆ ತಮ್ಮ ತಮ್ಮ ಮನೆಗೆ ಅದನ್ನೇ ಹಾಕಿಸಿಕೊಂಡರು.

ಅವರದ್ದೊಂದು ಪದ್ಧತಿಯಿದೆ. ನಕ್ಷೆ ಬರೆಯುವ ಮುಂಚೆ ಮನೆಯವರನ್ನೆಲ್ಲ ಖಾಲಿ ಸೈಟಿಗೆ ಕರೆದು ಅಲ್ಲೇ ಒಂದು ಊಟ ಹಾಕಿಸುತ್ತಾರೆ. ಯಾರು ಯಾವ ಕಡೆಗೆ ಮುಖ ಮಾಡಿ ಕೂತರು, ಬಿಸಿಲು ಬಂದಾಗ ಯಾರು ಮೊದಲು ಎದ್ದರು, ಉಂಡ ಮೇಲೆ ಅಜ್ಜಿ ಎಲ್ಲಿ ಒರಗಿದಳು ಎಂದು ಸುಮ್ಮನೆ ನೋಡುತ್ತಾರೆ. ನಮ್ಮ ಕಮಿಟಿಗೂ ಮುಳ್ಳು ಕಿತ್ತ ಸೈಟಿನಲ್ಲಿ ಚಿತ್ರಾನ್ನ ತಿನ್ನಿಸಿದರು. ಅಧ್ಯಕ್ಷ ನಂಜುಂಡಪ್ಪ ಬೇವಿನ ಮರದ ಕೆಳಗೆ ಹೋಗಿ ಕೂತ. ನಕ್ಷೆಯಲ್ಲಿ ಬಾಗಿಲು ಆ ಮರದ ಕಡೆಗೇ ಬಂತು.

ಇನ್ನೊಂದು, ಅವರ ಯಾವ ಕಟ್ಟಡವೇ ಆಗಲಿ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ ಇರಲೇಬೇಕು. ಸುತ್ತ ಪಡಸಾಲೆ, ನಡುವೆ ಬೆಳಕು. ಈ ತೊಟ್ಟಿಗಳಿಗೆಲ್ಲ ನಮ್ಮ ಜನ ಒಂದೊಂದಾಗಿ ಶೀಟು ಹೊಡೆಸಿದ್ದಾರೆ. ಕೋತಿ ಬರುತ್ತದೆ, ಕಳ್ಳ ಇಳಿಯುತ್ತಾನೆ, ಎಲ್ಲಕ್ಕಿಂತ ಹೆಚ್ಚಾಗಿ ಮಳೆ ಬೀಳುತ್ತದೆ. ಕುಣಿಗಲ್ಲಿನಲ್ಲಿ ನನ್ನ ತಮ್ಮ ಕುಮಾರನ ಮನೆಯೂ ರಂಗಸ್ವಾಮಯ್ಯನವರದೇ. ಅವನು ಹಾಕಿಸಿದ್ದು ಹಸಿರು ಶೀಟು. ಅದರ ಕೆಳಗೆ ಕೂತರೆ ಮನೆಮಂದಿಯೆಲ್ಲ ಕಾಮಾಲೆಯಿಂದ ಎದ್ದು ಬಂದವರ ಹಾಗೆ ಕಾಣುತ್ತಾರೆ. ಇದನ್ನೆಲ್ಲ ನೋಡಲಾರದೆ ರಂಗಸ್ವಾಮಯ್ಯ, ಗೃಹಪ್ರವೇಶದ ಊಟ ಮುಗಿದ ಮೇಲೆ ತಾವು ಕಟ್ಟಿದ ಯಾವ ಮನೆಯ ಬೀದಿಗೂ ಮತ್ತೆ ಹೋಗುವುದಿಲ್ಲ.

ವಾಚನಾಲಯದ ನಕ್ಷೆ ನೋಡಿದ ನಂಜುಂಡಪ್ಪ ಶುರು ಮಾಡಿದ.

"ಅಲ್ಲ ಸ್ವಾಮಿ, ಪುಸ್ತಕ ಮಡಗೋ ಜಾಗದಾಗೆ ಮಳೆ ಬುಟ್ಕೊಂಡ್ರೆ ಜನ ಏನಂತಾರೆ? ಮೇಲೊಂದು ಶೀಟ್ ಹೊಡ್ಸಿಬುಡಣ. ಆ ಪಡಸಾಲೆ ಯಾಕಷ್ಟು ಅಗಲ? ವಸಿ ಕಮ್ಮಿ ಮಾಡಿದ್ರೆ ಕಮಿಟಿಗೊಂದು ರೂಮಾಯ್ತದೆ."

ರಂಗಸ್ವಾಮಯ್ಯ ಎಂಬತ್ತು ದಾಟಿದವರು. ನಕ್ಷೆಯನ್ನು ಸುರುಳಿ ಸುತ್ತತೊಡಗಿದರು. "ಶೀಟ್ ಹಾಕೋದಾದ್ರೆ ನನ್ನ ನಕ್ಷೆ ವಾಪಸ್ ಕೊಟ್ಬುಡಿ ನಂಜುಂಡಪ್ಪ. ಕೈ ನಡುಗ್ತದೆ, ಇನ್ನೊಂದು ಬರೆಯಾಕಾಗಲ್ಲ. ಇದೊಂದಾದ್ರೂ ತೆರಕೊಂಡಿರ್ಲಿ."

ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. ಕೆಲಸ ಕಲಿಯಲೆಂದು ಹುಡುಗುತನದಲ್ಲಿ ಲಂಕೆಗೆ ಹೋಗಿದ್ದಾಗ ಅಲ್ಲಿನ ಗಾಲೆ ಎಂಬ ಊರಿನ ಹತ್ತಿರದ ಸಣ್ಣ ಪೇಟೆಯೊಂದರಲ್ಲಿ ಇಂಥದ್ದೇ ಓದುವ ಮನೆ ಕಟ್ಟಿದ್ದರಂತೆ. ಅವರ ಮೊದಲ ಕಟ್ಟಡ ಅದು. ಅಲ್ಲಿನ ಮಳೆಯ ಮುಂದೆ ನಮ್ಮದು ಯಾವ ಲೆಕ್ಕ ಎಂದರು.

"ಅದಿನ್ನೂ ಹಂಗೇ ಐತಾ?" ಎಂದ ನಂಜುಂಡಪ್ಪ.

ಅವರಿಗೆ ಗೊತ್ತಿರಲಿಲ್ಲ. ತಾಯಿಗೆ ಹುಷಾರಿಲ್ಲವೆಂದು ಊರಿಗೆ ಬಂದವರು ಮತ್ತೆ ಆ ಕಡೆ ಹೋಗಿರಲಿಲ್ಲ. ಕೊನೆಗೆ ಕಮಿಟಿಯಲ್ಲಿ ಒಂದು ಒಪ್ಪಂದವಾಯಿತು. ಅಲ್ಲಿ ತೊಟ್ಟಿ ತೆರೆದಿದ್ದರೆ ಇಲ್ಲೂ ತೆರೆದೇ ಕಟ್ಟುವುದು. ಅಲ್ಲಿ ಶೀಟು ಬಿದ್ದಿದ್ದರೆ ಇಲ್ಲೂ ಶೀಟು. ರಂಗಸ್ವಾಮಯ್ಯ ಒಪ್ಪಿದರು, ಆದರೆ ನಕ್ಷೆಯ ಸುರುಳಿಯನ್ನು ಕಂಕುಳಲ್ಲೇ ಇಟ್ಟುಕೊಂಡರು. ನಿವೃತ್ತಿಯಾದ ಮೇಲೆ ಒಂದು ವಿದೇಶ ನೋಡಬೇಕೆಂದು ನಾವು ಗೆಳತಿಯರು ಎಂದೋ ಮಾತಾಡಿಕೊಂಡಿದ್ದೆವು. ಹೋಗುವ ದೇಶ ಹೀಗೆ ನಿಶ್ಚಯವಾಯಿತು.

ಇಷ್ಟಕ್ಕೂ ಶಾಹಿದಾ ನಂಜುಂಡಪ್ಪನ ಪಕ್ಷ. "ಕಣ್ಣಾರೆ ನೋಡೋವರ್ಗೂ ನಾನು ನಂಬಲ್ಲ ಕಣೇ ಸುಮಂಗಲಾ" ಎಂದು ಉದ್ದ ಹಿಡಿಯ ತನ್ನ ಕಪ್ಪು ಕೊಡೆ ತೆಗೆದುಕೊಂಡೇ ಹೊರಟಳು.

ಕೊಲಂಬೊ

ಮೊದಲ ಸಂಕಟ ನನಗೇ ಆಯಿತು. ಅಲ್ಲಿನ ಬಸ್ಸಿನ ಬೋರ್ಡುಗಳ ಅಕ್ಷರ ದೂರದಿಂದ ಕನ್ನಡದಂತೆಯೇ ಗುಂಡಗೆ ಕಾಣುತ್ತದೆ. ಓದಬಲ್ಲೆ ಎನ್ನಿಸುತ್ತದೆ, ಓದಲು ಹೋದರೆ ಒಂದೂ ಬಾಯಿಗೆ ಬರುವುದಿಲ್ಲ. ಜೀವನವಿಡೀ ಮಕ್ಕಳಿಗೆ ಅಕ್ಷರ ತಿದ್ದಿಸಿದ ನಾನು ಬಸ್ ಸ್ಟಾಂಡಿನಲ್ಲಿ ಹೆಬ್ಬೆಟ್ಟಿನವಳ ಹಾಗೆ ಕಂಡಕ್ಟರುಗಳ ಮುಖ ನೋಡುತ್ತ ನಿಂತೆ.

ಶಾಹಿದಾ ಒಳಗೊಳಗೇ ನಕ್ಕಳು. ಅವಳ ಸರದಿ ಬರಲು ಹೆಚ್ಚು ಹೊತ್ತಾಗಲಿಲ್ಲ. ಟೋಪಿ ಹಾಕಿಕೊಂಡಿದ್ದ ಮುದುಕರೊಬ್ಬರ ಅಂಗಡಿ ಕಂಡು, ಇನ್ನು ಚಿಂತೆಯಿಲ್ಲವೆಂದು ಸಲಾಂ ಹೇಳಿ ಉರ್ದುವಿನಲ್ಲಿ ದಾರಿ ಕೇಳಿದಳು. ಅವರು ಪ್ರೀತಿಯಿಂದ ಸಲಾಂ ತಿರುಗಿಸಿ ತಮಿಳಿನಲ್ಲಿ ಮಾತಾಡತೊಡಗಿದರು. ಅಲ್ಲಿನ ಮುಸ್ಲಿಮರ ಮನೆಮಾತು ತಮಿಳು. ಬೆಂಗಳೂರಿನ ನೆಂಟರಿಂದ ನಾನು ಕಲಿತ ಮುರುಕು ತಮಿಳೇ ಕೊನೆಗೆ ನಮ್ಮನ್ನು ರೈಲಿನವರೆಗೆ ತಲುಪಿಸಿತು.

ಎಳನೀರಿನದು ಬೇರೆಯೇ ಕಥೆ. ಅಲ್ಲಿ ಕಿತ್ತಳೆ ಬಣ್ಣದ ಎಳನೀರು ಮಾರುತ್ತಾರೆ. ತೆಂಗಿನ ತೋಟದ ನೆರಳಲ್ಲೇ ಬೆಳೆದ ನನಗೆ ಅದಕ್ಕೇನೋ ರೋಗ ತಗುಲಿದೆ ಎಂದೇ ಅನುಮಾನ. ಮುಟ್ಟಿ ನೋಡಿದೆ, ಅಲ್ಲಾಡಿಸಿದೆ, ಮೂಸಿದೆ. ಮಾರುವವನು ತಾಳ್ಮೆಯಿಂದ ಕಾದು, ಕೊನೆಗೆ ತಾನೇ ಒಂದು ಕೆತ್ತಿ ಕುಡಿದು ತೋರಿಸಿದ. ನಮ್ಮದಕ್ಕಿಂತ ವಾಸಿಯಾಗಿತ್ತು. ಇದನ್ನು ಗುಬ್ಬಿಯಲ್ಲಿ ಯಾರಿಗೂ ಹೇಳಿಲ್ಲ.

ಕಂಡವರ ಕೈಯಲ್ಲೆಲ್ಲ ಕೊಡೆ. ಮಳೆ ಬಂದರೆ ನಮ್ಮ ಜನ ಅಂಗಡಿಯ ಸೂರಿನ ಕೆಳಗೆ ಓಡಿ ಆಕಾಶವನ್ನು ಬೈಯುತ್ತ ನಿಲ್ಲುತ್ತೇವೆ. ಅವರು ಮಾತು ನಿಲ್ಲಿಸದೆ ಕೊಡೆ ಬಿಡಿಸಿಕೊಂಡು ನಡೆಯುತ್ತಾರೆ. "ಜನ ಒಗ್ಗಿದಾರೆ, ಅಷ್ಟೇ. ಕಟ್ಟಡ ಒಗ್ಗಿದೆಯಾ ಅನ್ನೋದು ಬೇರೆ ಪ್ರಶ್ನೆ" ಎಂದಳು ಶಾಹಿದಾ.

ಗಾಲೆ ದಾಟಿ

ಗಾಲೆಯ ರೈಲು ಸಮುದ್ರದ ಮಗ್ಗುಲಲ್ಲೇ ಹೋಗುತ್ತದೆ. ಅಲೆ ಬಂದು ಕಿಟಕಿಯೊಳಗಿನ ನಮ್ಮ ಊಟದ ಪೊಟ್ಟಣಕ್ಕೆ ಉಪ್ಪು ಹಾಕೀತು ಎನ್ನುವಷ್ಟು ಹತ್ತಿರ. ನಾನು ಸಮುದ್ರ ನೋಡುವ ಸ್ಥಿತಿಯಲ್ಲಿರಲಿಲ್ಲ. ದಾರಿಯುದ್ದಕ್ಕೂ ಮನೆಗಳ ಮಾಡುಗಳನ್ನೇ ನೋಡುತ್ತಿದ್ದೆ. ಹೆಂಚು ಕಂಡರೆ ಸಮಾಧಾನ, ತಗಡು ಕಂಡರೆ ಎದೆ ಡವಡವ.

ಗಾಲೆಯಲ್ಲಿ ಇಳಿದು ಸೆಲ್ವಂ ಎಂಬ ತಮಿಳಿನವನ ಆಟೋ ಹತ್ತಿದೆವು. ದಾಲ್ಚಿನ್ನಿ ತೋಟಗಳ ನಡುವೆ ಒಳನಾಡಿಗೆ ರಸ್ತೆ. ಸೆಲ್ವಂ ದಾರಿಯಲ್ಲಿ ಬರುವ ಒಂದೊಂದು ಬುದ್ಧನ ಗುಡಿಗೂ, ಪಿಳ್ಳೆಯಾರ್ ಎಂದು ಅವರು ಕರೆಯುವ ಗಣಪತಿಯ ಗುಡಿಗೂ ಹ್ಯಾಂಡಲ್ ಬಿಟ್ಟು ಎರಡೂ ಕೈ ಮುಗಿಯುತ್ತಿದ್ದ. ಶಾಹಿದಾ ಕಣ್ಣು ಮುಚ್ಚಿಕೊಂಡು ತನಗೆ ಗೊತ್ತಿದ್ದ ದುವಾಗಳನ್ನೆಲ್ಲ ಹೇಳಿ ಮುಗಿಸಿದಳು.

ಊರು ಮುಟ್ಟಿದಾಗ ಎಲ್ಲ ಅಂಗಡಿ ಬಂದ್. ಬೀದಿಯಲ್ಲಿ ಬಿಳಿ ಬಟ್ಟೆಯ ಜನ, ಮನೆ ಮನೆಗೂ ಕಾಗದದ ಗೂಡುದೀಪ. ಬುದ್ಧ ಹುಟ್ಟಿದ ಹುಣ್ಣಿಮೆ, ವೆಸಾಕ್ ಹಬ್ಬ, ಮಾರನೆಯ ದಿನವೂ ರಜೆ ಎಂದ ಸೆಲ್ವಂ. ಹುಣ್ಣಿಮೆ ಬಂದರೆ ಇಡೀ ದೇಶವೇ ರಜೆ ಹಾಕುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಪಂಚಾಂಗ ನೋಡದೆ ಹೆಜ್ಜೆ ಎತ್ತದ ನಾನು ಪರದೇಶಕ್ಕೆ ಪಂಚಾಂಗ ಯಾಕೆ ಎಂದುಕೊಂಡುಬಿಟ್ಟಿದ್ದೆ.

ಓದುವ ಮನೆಯ ಬಾಗಿಲಿಗೆ ಬೀಗ. ಗೋಡೆ ಅಚ್ಚುಕಟ್ಟಾಗಿತ್ತು, ಹೆಂಚಿನ ಮಾಡು ಇಳಿಜಾರಾಗಿ ತಲೆಯೆತ್ತರದವರೆಗೂ ಬಾಗಿ ಬಂದಿತ್ತು. ಬೀದಿಯ ಕಡೆಯ ಕಿಟಕಿಗೆ ಕೂರುವ ಕಟ್ಟೆ. ಅದನ್ನು ಕಂಡು ನೆಂಟರ ಮನೆ ಸಿಕ್ಕಿದಷ್ಟು ಸಂತೋಷವಾಯಿತು. ಆಮೇಲೆ ತಲೆ ಎತ್ತಿದೆ. ಮಾಡಿನ ನಡುವೆ, ತೊಟ್ಟಿ ಇರಬೇಕಾದ ಜಾಗದಲ್ಲಿ, ನೀಲಿ ಶೀಟು.

"ಇಲ್ಲೂ ಅದೇ" ಎಂದಳು ಶಾಹಿದಾ. ಗೆದ್ದ ದನಿಯಲ್ಲ ಅದು. ಅವಳೂ ಎಲ್ಲೋ ಒಂದು ಮೂಲೆಯಲ್ಲಿ ಸೋಲಲು ಆಸೆಪಟ್ಟಿದ್ದಳೆಂದು ನನಗೆ ತಿಳಿದದ್ದು ಆಗ.

ಸಂಜೆ ರಂಗಸ್ವಾಮಯ್ಯನವರ ಫೋನು ಬಂತು.

"ಊಟ ಸೇರ್ತೈತೇನಮ್ಮ?"

"ಸೇರ್ತಿದೆ ಸರ್. ಎಲ್ಲಕ್ಕೂ ತೆಂಗಿನಕಾಯಿ."

"ಅವಾಗ್ಲೂ ಹಂಗೇ." ಆಮೇಲೆ ದನಿ ತಗ್ಗಿಸಿ ಕೇಳಿದರು. "ನೋಡಿದ್ರಾ?"

"ಬೀಗ ಹಾಕಿದ್ರು ಸರ್, ಹಬ್ಬ. ರಜೆ ಮುಗಿದ ತಕ್ಷಣ ನೋಡ್ತೀವಿ."

"ರಸ್ತೆಯಿಂದ ಏನೂ ಕಾಣ್ಲಿಲ್ವಾ?"

ನನ್ನ ಬಾಯಿಂದ ಶೀಟು ಎಂಬ ಪದ ಹೊರಡಲಿಲ್ಲ. "ಮರ ಅಡ್ಡ ಇತ್ತು ಸರ್" ಎಂದೆ.

"ಓ" ಎಂದರು. ಆಮೇಲೆ, ಹುಷಾರಾಗಿ ಬನ್ನಿ ಎಂದು ಹೇಳಿ ಇಟ್ಟರು.

ಹಬ್ಬದ ಬೀದಿ

ಮನಸ್ಸು ಮುದುಡಿಕೊಂಡು ಇಬ್ಬರೂ ನಡೆದು ಹೊರಟರೆ ಬೀದಿಯಲ್ಲಿ ನಾಲ್ಕು ಜನ ಅಡ್ಡ ಬಂದು, ಬನ್ನಿ ಬನ್ನಿ ಎಂದು ಕೈ ಹಿಡಿದು ಎಳೆದರು. ಯಾರದೋ ಮದುವೆ ಮನೆಯವರು ನಮ್ಮನ್ನು ಹೆಣ್ಣಿನ ಕಡೆಯವರೆಂದು ತಿಳಿದಿರಬೇಕು ಎಂದುಕೊಂಡೆ. ಅದು ದಂಸಲ. ಹಬ್ಬದಲ್ಲಿ ದಾರಿಹೋಕರಿಗೆಲ್ಲ ಅನ್ನ ಹಾಕುವುದು ಅವರ ಪದ್ಧತಿ. ನಮ್ಮ ಕಡೆಯ ದಾಸೋಹದಂತೆಯೇ, ಆದರೆ ಇಲ್ಲಿ ಹಸಿದವರು ಹುಡುಕಿಕೊಂಡು ಹೋಗಬೇಕಿಲ್ಲ, ಬಡಿಸುವವರೇ ರಸ್ತೆಗೆ ಬಂದು ಬಸ್ಸು ನಿಲ್ಲಿಸುತ್ತಾರೆ.

ನೀಲಿ ತಾಡಪಾಲಿನ ಕೆಳಗೆ ಬೆಂಚು ಹಾಕಿದ್ದರು. ಅನ್ನ, ಬೇಳೆ, ಹಲಸಿನ ಪಲ್ಯ. ಒಳಗೆ ಮಾಂಸವಿದೆಯೇ, ಇದ್ದರೆ ಹಲಾಲೇ ಎಂದು ಶಾಹಿದಾ ಕೇಳುವ ಮೊದಲೇ ಬಡಿಸುವ ಹೆಂಗಸು, ಹಬ್ಬದಲ್ಲಿ ಮಾಂಸವೇ ಇಲ್ಲ ಎಂದು ನಕ್ಕಳು. ಮಳೆ ಜೋರಾಗಿ ಬಂತು. ತಾಡಪಾಲಿನ ಹೊಟ್ಟೆಯಲ್ಲಿ ನೀರು ತುಂಬಿದಾಗಲೆಲ್ಲ ಒಬ್ಬ ಕೋಲಿನಿಂದ ತಿವಿಯುತ್ತಿದ್ದ, ನೀರು ದಬದಬನೆ ಬೀದಿಗೆ ಬೀಳುತ್ತಿತ್ತು. ಊಟ ರುಚಿಯಾಗಿತ್ತು. ನನ್ನ ತಲೆಯಲ್ಲಿ ಮಾತ್ರ ರಂಗಸ್ವಾಮಯ್ಯನವರಿಗೆ ಏನು ಹೇಳುವುದು ಎಂಬುದೊಂದೇ ಇತ್ತು.

ಓದುವ ಮನೆ

ರಜೆ ಮುಗಿದ ಬೆಳಗ್ಗೆ ಬಾಗಿಲು ತೆರೆದಿತ್ತು. ಒಳಗೆ ಕಾಲಿಟ್ಟವಳೇ ನಾನು ಅಲ್ಲೇ ನಿಂತೆ. ಇಬ್ಬರು ಗಂಡಸರು ಮಾಡಿನ ಮೇಲೆ ಹತ್ತಿ ಹಗ್ಗ ಬಿಚ್ಚುತ್ತಿದ್ದರು. ನೀಲಿ ತಾಡಪಾಲು ಒಂದು ಕಡೆಯಿಂದ ಸಡಿಲವಾಗಿ ಜೋತುಬಿತ್ತು, ಆಮೇಲೆ ಪೂರ್ತಿ ಕೆಳಗೆ ಬಂತು. ಬೆಳಕು ಒಮ್ಮೆಗೇ ತೊಟ್ಟಿಗೆ ಇಳಿಯಿತು.

ಕುಸುಮಾ ಎಂಬ ನಡುವಯಸ್ಸಿನ ಹೆಣ್ಣುಮಗಳು ಅಲ್ಲಿನ ಲೈಬ್ರರಿಯನ್. ನಾವು ಯಾರೆಂದು ಹೇಳಿ ಶೀಟಿನ ವಿಷಯ ಕೇಳಿದೆವು. ದಂಸಲದ ಅಡುಗೆಯನ್ನು ಹಿತ್ತಲ ಬಾಗಿಲಿಂದ ಬಂದು ಈ ತೊಟ್ಟಿಯಲ್ಲೇ ಮಾಡಿದ್ದರಂತೆ, ಅನ್ನದ ಹಂಡೆಗೆ ಮಳೆ ಬೀಳಬಾರದೆಂದು ರಜೆಯ ಹಿಂದಿನ ದಿನವೇ ಹಬ್ಬದ ಮಟ್ಟಿಗೆ ತಾಡಪಾಲು ಕಟ್ಟಿದ್ದಂತೆ. "ಅಷ್ಟಕ್ಕೇ ಪೇಪರ್ ಓದೋ ಅಜ್ಜಂದಿರು ನನ್ನ ಜೊತೆ ಜಗಳಕ್ಕೆ ಬಂದರು, ಮಿಸ್. ಕತ್ತಲು ಮಾಡಿಟ್ಟಿದ್ದೀಯ ಅಂತ" ಎಂದಳು ಇಂಗ್ಲಿಷಿನಲ್ಲಿ.

ನಾನು ಕಿಟಕಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತೆ. ಅಳುವೂ ನಗುವೂ ಒಟ್ಟಿಗೆ ಬಂತು. ಶಾಹಿದಾ ಮಾತ್ರ ಬಿಡಲಿಲ್ಲ. "ಮಳೆ ಬರಲಿ, ಆಮೇಲೆ ಹೇಳ್ತೀನಿ" ಎಂದು ತೊಟ್ಟಿಯ ಅಂಚಿನಲ್ಲೇ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತ ಕೂತಳು.

ಮಧ್ಯಾಹ್ನ ಬಂತು ಮಳೆ. ನಮ್ಮ ಕಡೆಯ ಹಾಗೆ ಹನಿ ಹಾಕಿ, ಯೋಚಿಸಿ ಬರುವ ಮಳೆಯಲ್ಲ, ಬಿಂದಿಗೆ ಮಗುಚಿದ ಹಾಗೆ. ತೊಟ್ಟಿಯ ಸುತ್ತ ಓದುತ್ತ ಕೂತಿದ್ದವರು ಪುಸ್ತಕದಿಂದ ತಲೆ ಎತ್ತಲಿಲ್ಲ. ಒಬ್ಬೊಬ್ಬರೂ ಎದ್ದು, ತಮ್ಮ ಕುರ್ಚಿ ಎತ್ತಿಕೊಂಡು ಗೋಡೆಯ ಕಡೆಗೆ ಸರಿದು, ಅದೇ ಪುಟದಿಂದ ಓದು ಮುಂದುವರಿಸಿದರು. ಯಾರೂ ಹೇಳಲಿಲ್ಲ, ಯಾರೂ ಗೊಣಗಲಿಲ್ಲ. ಶಾಹಿದಾ ಅಂಚಿನಲ್ಲೇ ಹಟ ಹಿಡಿದು ಕೂತು ಮೊಣಕಾಲವರೆಗೂ ತೋಯ್ದಳು. ಕೊನೆಗೆ ಅವಳೂ ಕುರ್ಚಿ ಎತ್ತಿಕೊಂಡು ಹಿಂದಕ್ಕೆ ಹೋದಳು. ಅಲ್ಲಿ ಒಂದು ಹನಿಯೂ ಬರುತ್ತಿರಲಿಲ್ಲ. ಪುಸ್ತಕದ ಬೀರುಗಳೆಲ್ಲ ಇನ್ನೂ ಹಿಂದೆ, ಗೋಡೆಗೆ ಸೇರಿ, ಬೆಚ್ಚಗಿದ್ದವು.

ಕುಸುಮಾ ನೆಲದಲ್ಲಿ ಒಂದು ಕಲ್ಲಿನ ಪಟ್ಟಿ ತೋರಿಸಿದಳು. ಅಲ್ಲಿಂದ ಒಳಗೆ ಮಳೆಯ ಎರಚಲು ಬರುವುದಿಲ್ಲವಂತೆ. ಊರಿನ ಹಳಬರು ಇಂದಿಗೂ ಹೇಳುವ ಪ್ರಕಾರ, ಇಂಡಿಯಾದಿಂದ ಬಂದಿದ್ದ ತೆಳ್ಳನೆಯ ಮಹತ್ತಯಾ, ಎಂದರೆ ಯಜಮಾನ, ಇದೇ ಜಾಗದಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿಸಿ, ಮಳೆ ಬಂದಾಗಲೆಲ್ಲ ಅದರ ಕೆಳಗೆ ಕೂತು ಹನಿ ಎಲ್ಲಿಯವರೆಗೆ ಹಾರುತ್ತದೆಂದು ಇಟ್ಟಿಗೆ ಚೂರಿನಿಂದ ಗುರುತು ಮಾಡುತ್ತಿದ್ದನಂತೆ. ಮಳೆಗಾಲ ಪೂರ್ತಿ ಹಾಗೆ ಕೂತು, ಆಮೇಲೆ ಪಡಸಾಲೆಯ ಅಗಲ ನಿಶ್ಚಯಿಸಿದನಂತೆ. ಊರಿನವರು ಅವನಿಗೆ ತಲೆ ಕೆಟ್ಟಿದೆಯೆಂದೇ ತಿಳಿದಿದ್ದರಂತೆ.

ಶಾಹಿದಾ ಒಮ್ಮೆಗೇ ಎದ್ದು ಕೊಡೆಯನ್ನು ನೆಲದ ಮೇಲೆ ಮಲಗಿಸಿ ಅಳೆಯತೊಡಗಿದಳು. ಗೋಡೆಯಿಂದ ತೊಟ್ಟಿಯ ಅಂಚಿಗೆ ಸರಿಯಾಗಿ ಮೂರು ಕೊಡೆ.

"ಕುಮಾರನ ಮನೆ ಪಡಸಾಲೆ ಎಷ್ಟಿದೆಯೇ?" ಎಂದು ಕೇಳಿದಳು.

ನನಗೆ ಫಕ್ಕನೆ ಹೊಳೆಯಿತು. ಕುಮಾರ ಕಟ್ಟುವಾಗ ಪಡಸಾಲೆಯಲ್ಲಿ ಅರ್ಧ ಕಿತ್ತು ರೂಮಿಗೆ ಅಟ್ಯಾಚ್ಡ್ ಬಾತ್‌ರೂಮು ಮಾಡಿಕೊಂಡಿದ್ದ. ತುಮಕೂರಿನ ಮನೆಗಳಲ್ಲಿ ಒಬ್ಬರು ದೇವರ ಮನೆಗೆ ಕಿತ್ತರು, ಇನ್ನೊಬ್ಬರು ಸ್ಟೋರ್ ರೂಮಿಗೆ. ಕಿತ್ತ ಮೇಲೆ ಎರಚಲು ಸೋಫಾಕ್ಕೆ ಬಂತು. ಎರಚಲು ಬಂದ ಮೇಲೆ ಶೀಟು ಬಂತು. ಬೈಗುಳ ಮಾತ್ರ ತೊಟ್ಟಿಗೆ, ತೊಟ್ಟಿ ಇಟ್ಟವರಿಗೆ. ಈಗ ನಂಜುಂಡಪ್ಪ ಕೇಳುತ್ತಿರುವುದೂ ಅದೇ, ಪಡಸಾಲೆಯಿಂದ ಒಂದು ರೂಮು.

ಅಲ್ಲಿಂದಲೇ ಫೋನು ಮಾಡಿದೆ. "ಸರ್, ತೆರೆದಿದೆ. ಏನೂ ಮುಚ್ಚಿಲ್ಲ. ಮಳೆ ಬೀಳ್ತಾ ಇದೆ, ಕೇಳಿಸ್ಕೊಳ್ಳಿ" ಎಂದು ಫೋನನ್ನು ತೊಟ್ಟಿಯ ಕಡೆ ಹಿಡಿದೆ.

ಅವರು ಕೇಳಿದ್ದು ಒಂದೇ. "ಮಳೆ ಬಂದಾಗ ಜನ ಎದ್ದೋದ್ರಾ?"

"ಇಲ್ಲ ಸರ್. ಕುರ್ಚಿ ಎತ್ಕೊಂಡು ಹಿಂದಕ್ಕೆ ಕೂತ್ರು."

ಮೂಗು ಸೀಟಿಕೊಂಡ ಸದ್ದು ಕೇಳಿಸಿತು. "ಮೊನ್ನೆಯಿಂದ ನಿದ್ದೆ ಇಲ್ಲ ಕಣಮ್ಮ" ಎಂದರು. "ಆ ರಸ್ತೆ ಕಡೆ ಮರ ಇರಾಕೆ ಸಾಧ್ಯ ಇಲ್ಲ. ಮನೆಗೂ ರಸ್ತೆಗೂ ಮಧ್ಯೆ ನಾನು ಜಾಗನೇ ಬುಟ್ಟಿರ್ಲಿಲ್ಲ. ನೀನು ಏನೋ ಮುಚ್ಚಿಡ್ತಿದೀಯ ಅಂತ ಅವತ್ತೇ ಗೊತ್ತಾಯ್ತು."

ಅಮೃತೂರು

ಊರಿಗೆ ಬಂದ ಮೇಲೆ ಕಮಿಟಿಯ ಸಭೆಯನ್ನು ರಂಗಸ್ವಾಮಯ್ಯನವರ ಮನೆಯಲ್ಲೇ ಇಟ್ಟುಕೊಂಡೆವು, ಅವರಿಗೆ ಬಸ್ಸು ಹತ್ತುವುದು ಕಷ್ಟವೆಂದು. ಅವರು ಕಟ್ಟಿದವುಗಳಲ್ಲಿ ಶೀಟು ಕಾಣದ ತೊಟ್ಟಿ ಈ ಕಡೆ ಇದೊಂದೇ. ಎಲ್ಲರೂ ತೊಟ್ಟಿಯ ಸುತ್ತ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು. ಶಾಹಿದಾ ಎದ್ದು ನಿಂತು ಹೈಸ್ಕೂಲ್ ದನಿಯಲ್ಲಿ ಎಲ್ಲ ವಿವರಿಸಿದಳು, ಕೊಡೆ ಹಿಡಿದು ಅಳತೆ ತೋರಿಸಿದಳು. "ಮೂರು ಕೊಡೆಗಿಂತ ಒಂದು ಗೇಣು ಕಮ್ಮಿ ಮಾಡಿದ್ರೂ ನಾನು ಕಮಿಟೀಲಿ ಇರಲ್ಲ" ಎಂದಳು.

ನಂಜುಂಡಪ್ಪ ಒಪ್ಪಂದ ಮುರಿಯುವವನಲ್ಲ, ಸುಲಭಕ್ಕೆ ಬಗ್ಗುವವನೂ ಅಲ್ಲ. "ಟೀಚರ್, ಅಲ್ಲಿ ತೆರೆದೈತೆ, ಒಪ್ಕಂಡೆ. ಆದ್ರೆ ಅಲ್ಲಿ ಜನನೇ ಬೇರೆ, ಇಲ್ಲಿ ಜನನೇ ಬೇರೆ. ಅವರು ಮಳೇಲೇ ಹುಟ್ಟಿದೋರು. ನಮ್ಮೋರು ಒಂದು ಹನಿ ಬಿದ್ರೆ ಸಾಕು, ಪುಸ್ತಕ ಬಿಸಾಕಿ ಮನೆಗೆ ಓಡ್ತಾರೆ."

ಮಧ್ಯಾಹ್ನದಿಂದ ಕಟ್ಟಿಕೊಂಡಿದ್ದ ಮೋಡ ಆ ಹೊತ್ತಿಗೆ ಒಡೆಯಿತು. ಹನಿ ತೊಟ್ಟಿಯ ಕಲ್ಲಿನ ಮೇಲೆ ಬಿದ್ದು ಎಲ್ಲರ ಕಾಲಿಗೆ ಸಿಡಿಯಿತು.

"ನೀವು ಎಷ್ಟೇ ಅಗಲ ಬುಡಿ," ಎನ್ನುತ್ತ ನಂಜುಂಡಪ್ಪ ಎದ್ದ, "ನಮ್ಮ ಜನಕ್ಕೆ ಆ ಬುದ್ಧಿ ಬರಬೇಕಲ್ಲ," ಎನ್ನುತ್ತ ಕುರ್ಚಿಯನ್ನು ಎತ್ತಿ ಗೋಡೆಯ ಹತ್ತಿರ ಇಟ್ಟ, "ಅವರಿಗೆ ಯಾರು ಹೇಳ್ಕೊಡ್ತಾರೆ?" ಎಂದು ಆರಾಮಾಗಿ ಕೂತು ಕಾಫಿ ಗುಟುಕರಿಸಿದ.

ಎಲ್ಲರೂ ಅವನ ಕುರ್ಚಿಯನ್ನೇ ನೋಡುತ್ತಿದ್ದೆವು. ಅವನೂ ಒಮ್ಮೆ ಕೆಳಗೆ ನೋಡಿಕೊಂಡ. ತಾನಿದ್ದ ಜಾಗ ನೋಡಿದ, ಈಗಿರುವ ಜಾಗ ನೋಡಿದ, ಈಗ ಎರಚಲು ಮುಟ್ಟದ ತನ್ನ ಪಾದ ನೋಡಿದ. ಕಿವಿಯವರೆಗೂ ಕೆಂಪಾದ.

"ಆಯ್ತು ಬುಡಿ," ಎಂದ, "ಹಂಗೇ ಕಟ್ಸಣ."

ನನಗೆ ಹೋದ ಜೀವ ಬಂದಂತಾಯಿತು. ಶಾಹಿದಾ ಕೊಡೆಯನ್ನು ಗೋಡೆಗೆ ಒರಗಿಸಿ ಕಣ್ಣೊರೆಸಿಕೊಂಡಳು. ರಂಗಸ್ವಾಮಯ್ಯ ಮಾತ್ರ ಕುರ್ಚಿ ಸರಿಸಿರಲಿಲ್ಲ. ತೊಟ್ಟಿಯ ಅಂಚಿನಲ್ಲೇ, ಪಂಚೆಯ ಅಂಚು ತೋಯುತ್ತಿದ್ದರೂ ಲೆಕ್ಕಿಸದೆ, ಹನಿ ಎಲ್ಲಿಯವರೆಗೆ ಹಾರುತ್ತಿದೆಯೆಂದು ನೆಲವನ್ನೇ ನೋಡುತ್ತ ಕೂತಿದ್ದರು.